ಹಿಂದೆ ನಡೆದವಳು

ಮದುವೆಯಾಗಿ ಎರಡು ವರ್ಷ ಕಳೆದರೂ ನನಗೆ ನಮ್ಮ ಯಜಮಾನರ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಿತವಾಗಿತ್ತು. ಇದು ದೂರಲ್ಲ. ಚನ್ನಗಿರಿ ಸೀಮೆಯ ನಮ್ಮ ಹಳ್ಳಿಯಲ್ಲಿ ಎಲ್ಲ ಸೊಸೆಯರ ಪಾಡೂ ಅಷ್ಟೇ. ಯಜಮಾನರು ಪಡಸಾಲೆಯಲ್ಲಿ ಉಣ್ಣುವಾಗ ನಾನು ಸೆರಗು ಹೊದ್ದು, ತಲೆ ತಗ್ಗಿಸಿ, ಬಡಿಸಿ ಒಳಗೆ ಬರುತ್ತಿದ್ದೆ. ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಊಟ ಮುಗಿಯುತ್ತಲೇ ಅತ್ತೆ ಬುಡ್ಡಿದೀಪ ಆರಿಸಿಬಿಡುತ್ತಿದ್ದರು. ಹೊತ್ತು ಮೂಡುವ ಮೊದಲೇ ನಾನು ಎದ್ದು ಕೊಟ್ಟಿಗೆಯಲ್ಲಿರುತ್ತಿದ್ದೆ. ಹೀಗಾಗಿ ಹಗಲ ಬೆಳಕಿನಲ್ಲಿ ಅವರು ನನಗೆ ಕಾಣುತ್ತಿದ್ದುದು ಶಾಲೆಗೆ ಹೊರಟಾಗ ಮಾತ್ರ, ಅದೂ ಅಡುಗೆಮನೆಯ ಕಿಂಡಿಯಿಂದ. ಎಡಭುಜ ತುಸು ಕೆಳಗೆ. ಕೋಟಿನ ಕಾಲರಿನ ಮೇಲೆ ಕೂದಲಿನ ಒಂದು ಸುಳಿ.

ತಿಥಿ, ವಾರ, ಮಳೆ, ಕರೆದ ಹಾಲಿನ ಲೆಕ್ಕ ಎಲ್ಲವನ್ನೂ ದಿನವೂ ಬರೆದಿಡುವ ಅಭ್ಯಾಸ ನನಗೆ ಅಪ್ಪನಿಂದ ಬಂದದ್ದು. ಆ ಎರಡು ವರ್ಷಗಳಲ್ಲಿ ನಾವಿಬ್ಬರೇ ಜೊತೆಯಾಗಿ ನಡೆದದ್ದು ನಾಲ್ಕು ಸಲ ಎಂದು ಬರೆದಿಟ್ಟುಕೊಂಡಿದ್ದೇನೆ. ಮೂರು ಹಬ್ಬ, ತಂಗಿಯದೊಂದು ಮದುವೆ. ನಾಲ್ಕು ಸಲವೂ ನನ್ನ ತವರಿಗೇ. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ನ್ಯಾಮತಿಯಲ್ಲಿ ಇಳಿದು, ಸೂರಗೊಂಡನಕೊಪ್ಪದ ದಾರಿ ಹಿಡಿದು ನಡೆಯಬೇಕು. ಜೊತೆಯಾಗಿ ಎಂದರೆ ಅವರು ಮುಂದೆ, ನಾನು ಹಿಂದೆ. ಜನವಿಲ್ಲದ ಬಯಲಲ್ಲೂ ಅವರು ನಿಲ್ಲುತ್ತಿರಲಿಲ್ಲ. ಎದುರಿಗೆ ಯಾರಾದರೂ ಬಂದಾರು ಎಂಬ ಅಳುಕು. ಆದರೆ ಮಾತಾಡುತ್ತಿದ್ದರು. ಅವರು ಮುಂದಕ್ಕೆ ನೋಡಿ ಆಡಿದ ಮಾತು ಗಾಳಿಯಲ್ಲಿ ನನ್ನ ಕಡೆ ತೇಲಿಬರುತ್ತಿತ್ತು. ಮನೆಯಲ್ಲಿ ಬಾಯಿ ಬಿಡದ ನಾನು ಅಲ್ಲಿ ಧೈರ್ಯವಾಗಿ ಪ್ರಶ್ನೆ ಕೇಳುತ್ತಿದ್ದೆ. ಮೇಷ್ಟ್ರಲ್ಲವೇ, ಪ್ರಶ್ನೆ ಕೇಳಿದರೆ ಅವರಿಗೆ ಖುಷಿ.

"ರೀ, ಈ ಹಿಂದೆ ಅನ್ನೋ ಮಾತು ಎಲ್ಲಿಂದ ಬಂತು?" ಎಂದು ಒಮ್ಮೆ ಕೇಳಿದೆ.

"ಎಲ್ಲಿಂದ ಏನು, ಹಿಂದಿಂದಲೇ ಬಂತು. ನಿನ್ನ ಜತೆಗೇ ಬರ್ತಾ ಐತಲ್ಲ!"

"ತಮಾಷೆ ಸಾಕು, ಹೇಳ್ರಿ."

"ಹಳಗನ್ನಡದಾಗೆ ಪಿಂತೆ ಅಂತಿದ್ರು. ಪಾಲು ಹಾಲಾತು, ಪೂವು ಹೂವಾತು, ಹಂಗೇ ಪಿಂತೆ ಹಿಂದೆ ಆತು."

ಆಮೇಲೆ ಅವರು ಆ ಮಾತಿನ ನೆಂಟರನ್ನೆಲ್ಲ ಒಂದೊಂದಾಗಿ ಕರೆತಂದರು. ಕಾಲಿನ ಹಿಂಬದಿ ಹಿಮ್ಮಡಿ. ಮುಂಗಾರು ಹೋದ ಮೇಲೆ ಬರುವುದು ಹಿಂಗಾರು. ಮನೆಯ ಹಿಂದಿನ ಜಾಗ ಹಿತ್ತಲು, ಅದು ಹಿಂದೆ ಪಿತ್ತಿಲ್ ಆಗಿತ್ತಂತೆ. ನನಗೊಂದು ಸಂಶಯ ಬಂತು. ಹಿತ್ತಲು ಕಣ್ಣಿಗೆ ಕಾಣುವ ಜಾಗ, ಸರಿ. ಕಳೆದುಹೋದ ದಿನಕ್ಕೂ ಹಿಂದೆ ಎಂದೇ ಯಾಕೆ ಅನ್ನಬೇಕು?

"ನಾವು ನಡಕೊಂತ ಇರ್ತೀವಲ್ಲ. ಕಳೆದದ್ದೆಲ್ಲ ಬೆನ್ನ ಕಡೆಗೆ ಬೀಳತೈತೆ. ಅದನ್ನ ನೋಡಬೇಕು ಅಂದ್ರೆ ಮುಖ ತಿರುಗಿಸಬೇಕು."

ಹಾಗಾದರೆ ಒಮ್ಮೆ ತಿರುಗಿಸಿ ಎಂದು ನನ್ನ ಬಾಯಿಗೆ ಬಂದಿತ್ತು. ಬಿಸಿಲಲ್ಲಿ ಎದುರು ನಿಂತು ಅವರ ಮುಖವನ್ನು ಒಂದು ಸಲ ಸಾವಕಾಶವಾಗಿ ನೋಡಬೇಕು. ನನಗಿದ್ದ ಆಸೆ ಅದೊಂದೇ. ಕೇಳಿದರೆ ಯಾರಾದರೂ ನಕ್ಕಾರು ಎಂದು ಯಾರಿಗೂ ಹೇಳಿರಲಿಲ್ಲ.

ಮಾಗಿ ಚಳಿಯಲ್ಲಿ ಅವರಿಗೆ ಜಗಳೂರಿನ ಕಡೆಗೆ, ಸೊಕ್ಕೆಯ ಶಾಲೆಗೆ, ವರ್ಗವಾಯಿತು. ಅಲ್ಲಿ ಸಂಸಾರಕ್ಕೆ ಮನೆ ಸಿಗುವವರೆಗೆ ನಾನು ಅತ್ತೆಯ ಜೊತೆ ಇರುವುದೆಂದಾಯಿತು. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಯನ್ನು ಒಂಟಿಯಾಗಿ ಬಿಡುವಂತೆಯೂ ಇರಲಿಲ್ಲ.

ಹೊರಡುವ ದಿನ ಬೆಳಗ್ಗೆ ಅವರು ದೇವರಿಗೆ ಕೈಮುಗಿದು, ತಾಯಿಯ ಕಾಲಿಗೆ ಬಿದ್ದು, ಬಾಗಿಲ ಮರೆಯಲ್ಲಿದ್ದ ನನ್ನ ಕಡೆಗೆ "ಬರ್ತೀನಿ" ಎಂದು ನೆಲ ನೋಡಿಕೊಂಡೇ ಹೇಳಿ ಟ್ರಂಕು ಹೊತ್ತು ಹೊರಟರು. ಹೊರಟವರು ತಿರುಗಿ ನೋಡಬಾರದು, ಅವರು ನೋಡಲಿಲ್ಲ. ಎಡಭುಜ ಟ್ರಂಕಿನ ಭಾರಕ್ಕೆ ಇನ್ನಷ್ಟು ಕೆಳಗಿಳಿದಿತ್ತು.

ಒಳಗೆ ಬಂದರೆ ಗೋಡೆಯ ಗೂಡಿನಲ್ಲಿ ಕನ್ನಡಕದ ಡಬ್ಬಿ! ಅದಿಲ್ಲದೆ ಅವರಿಗೆ ಅಕ್ಷರ ಕಾಣುವುದಿಲ್ಲ. ಹೊಲಕ್ಕೆ ಹೋದ ಗಂಡಾಳುಗಳು ಯಾರೂ ಹತ್ತಿರವಿಲ್ಲ. ನಾನು ಡಬ್ಬಿ ಹಿಡಿದು ಅಂಗಳಕ್ಕೆ ಓಡಿದೆ. ಅವರಾಗಲೇ ದೂರದ ಹುಣಸೇಮರ ದಾಟುತ್ತಿದ್ದರು. ಕೂಗೋಣವೆಂದರೆ ಹೆಸರು ಹಿಡಿಯುವಂತಿಲ್ಲ. "ರೀ" ಎಂದು ಬಾಯಿ ತೆರೆದೆ.

"ಏ, ಕೂಗಬ್ಯಾಡ!" ಅತ್ತೆ ನನ್ನ ರಟ್ಟೆ ಹಿಡಿದರು. "ಹೊಂಟೋರನ್ನ ಹಿಂದಿಂದ ಕೂಗ್ತಾರೇನೇ? ಹೋದ ಕೆಲಸ ಕೆಡತೈತೆ."

"ಮತ್ತೆ ಇದನ್ನ ಹೆಂಗೆ ಕೊಡಾದು ಅತ್ತೆ? ಕನ್ನಡಕ ಇಲ್ದೆ ಅಲ್ಲಿ ಏನು ಓದಿಸ್ತಾರೆ?"

ಅತ್ತೆ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. "ರಸ್ತೆ ಗುಡಿ ಸುತ್ತಿಕೊಂಡು ಹೋಗತೈತೆ. ಹಿತ್ತಲಾಗೆ ದಾಟಿದ್ರೆ ಅವನಿಗಿಂತ ಮುಂದೆ ಸಿಗ್ತೀಯ. ಎದುರಿಗೆ ಹೋಗಿ ನಿಂತ್ರೆ ದೋಷ ಇಲ್ಲ. ಏನ್ ನೋಡ್ತೀಯ, ಓಡೇ!"

ಓಡಿದೆ. ಬಣವೆ, ತಿಪ್ಪೆ, ಯಾರದೋ ಅವರೆ ಹೊಲ. ಬೇಲಿಯ ಮುಳ್ಳಿಗೆ ಸೆರಗು ಸಿಕ್ಕಿ ಹರಿಯಿತು. ರಸ್ತೆಗೆ ಬಿದ್ದು ಉಸಿರು ಬಿಡುವಾಗ ಗುಡಿಯ ತಿರುವಿನಲ್ಲಿ ಅವರು ಬರುತ್ತಿದ್ದರು. ಎಳೆಬಿಸಿಲು ನೇರವಾಗಿ ಅವರ ಮುಖದ ಮೇಲಿತ್ತು.

ಅವರು ಅಳುತ್ತಿದ್ದರು. ಸದ್ದಿಲ್ಲ, ಮುಖ ಕಿವುಚಿಯೂ ಇರಲಿಲ್ಲ. ಕೆನ್ನೆಗಳು ತೊಯ್ದಿದ್ದವು, ಟ್ರಂಕು ಹಿಡಿದ ಕೈಗಳಿಗೆ ಒರೆಸಲು ಬಿಡುವಿರಲಿಲ್ಲ, ಅಷ್ಟೇ. ಅಂಗಳದಿಂದ ನೋಡಿದಾಗ ಆ ಬೆನ್ನಿನಲ್ಲಿ ಇದರ ಒಂದು ಸುಳಿವೂ ಇರಲಿಲ್ಲ.

ನನ್ನನ್ನು ಕಂಡು ಬೆಚ್ಚಿ ನಿಂತರು. "ನೀನು... ಇಲ್ಲಿಗೆ ಹೆಂಗೆ ಬಂದೆ?"

"ಹಿತ್ತಲಾಗಿಂದ." ಡಬ್ಬಿ ಚಾಚಿದೆ.

ಟ್ರಂಕು ಇಳಿಸಿ ತೋಳಿನಿಂದ ಮುಖ ಒರೆಸಿಕೊಂಡರು. "ಚಳಿಗಾಳಿಗೆ ಕಣ್ಣಾಗೆ ನೀರು" ಎಂದರು.

"ಹೂಂ ರೀ. ಗಾಳಿ ಭಾಳ ಐತೆ." ಅವರೆ ಹೊಲದಲ್ಲಿ ಒಂದು ಎಲೆಯೂ ಅಲುಗಿರಲಿಲ್ಲ.

ನಾನು ತಲೆ ತಗ್ಗಿಸಲಿಲ್ಲ. ಅವರೂ ನನ್ನನ್ನೇ ನೋಡಿದರು. ದೂರದಲ್ಲಿ ಬಸ್ಸಿನ ಹಾರ್ನು ಕೇಳುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು. ಆಮೇಲೆ ಅವರು ಟ್ರಂಕು ಎತ್ತಿಕೊಂಡು ನನ್ನ ಪಕ್ಕದಿಂದ ಹಾದುಹೋದರು.

ಮನೆಗೆ ಬಂದಾಗ ಅತ್ತೆ ಒಲೆಯ ಮುಂದಿದ್ದರು.

"ಸಿಕ್ಕನೇನೇ?"

"ಸಿಕ್ಕರು."

"ಮುಖ ನೋಡಿದ್ಯಾ?"

ಇವರಿಗೆ ಹೇಗೆ ಗೊತ್ತಾಯಿತೆಂದು ತಿಳಿಯದೆ ಹೌದೆಂದು ತಲೆಯಾಡಿಸಿದೆ. ಅತ್ತೆ ಊದುಗೊಳವೆ ಕೆಳಗಿಟ್ಟರು.

"ಒಳ್ಳೇದಾತು ಬಿಡು. ನಿಮ್ಮ ಮಾವನೋರ ಜತೆ ಇಪ್ಪತ್ತು ವರ್ಷ ಬಾಳಿದೆ. ಈಗ ಮುಖ ನೆನೆಸ್ಕೊಂಡ್ರೆ ಬರಾದೇ ಇಲ್ಲ ಕಣವ್ವಾ. ಬೆನ್ನು ಕಾಣತೈತೆ, ರುಮಾಲು ಕಾಣತೈತೆ, ಅಷ್ಟೇಯ."

ಸೊಕ್ಕೆಯಲ್ಲಿ ಇನ್ನೂ ಮನೆ ಸಿಕ್ಕಿಲ್ಲ. ದಿನವೂ ಬೆಳಗಿನ ಜಾವ ಹಾಸಿಗೆ ಬಿಡುವ ಮೊದಲು ನಾನು ಅವರ ಮುಖವನ್ನು ಕ್ರಮವಾಗಿ ನೆನೆಯುತ್ತೇನೆ. ಮೊದಲು ಹಣೆ, ಆಮೇಲೆ ಹುಬ್ಬು, ಎಡಗಣ್ಣಿನ ಕೆಳಗಿನ ಸಣ್ಣ ಮಚ್ಚೆ. ಮೀಸೆಯವರೆಗೆ ತಪ್ಪಿಲ್ಲದೆ ಬರುತ್ತದೆ. ಗಲ್ಲ ಮಾತ್ರ ಈಚೆಗೆ ಮಸುಕಾಗುತ್ತಿದೆ.