ಕೊಟ್ರಪ್ಪ ಬಡಿದು ಅಳಿಸಿದ ಗೆರೆ

ಮಾಗಡಿ ರಸ್ತೆಯ ಬಸ್ಸುಗಳ ಸದ್ದು ಇನ್ನೂ ಏರಿಲ್ಲ. ಸುಂಕದಕಟ್ಟೆಯ ಒಳರಸ್ತೆಯ ತಗಡಿನ ಶೆಡ್ಡಿನಲ್ಲಿ, ಕಾರಿನ ಡೆಂಟು ತೆಗೆಯುವ ಕೊಟ್ರಪ್ಪ ಕಣ್ಣು ಮುಚ್ಚಿಕೊಂಡು ಕಾರಿನ ಬಾಗಿಲು ಸವರುತ್ತಿದ್ದಾರೆ. ಅಂಗೈಗೂ ತಗಡಿಗೂ ನಡುವೆ ತೆಳು ಬಟ್ಟೆ. ಬರಿಗೈಗೆ ಸಿಗದ ಉಬ್ಬುತಗ್ಗು ಬಟ್ಟೆಯ ಮೇಲಿಂದ ಸಿಗುತ್ತದಂತೆ. ಬಾಗಿಲು ನುಣ್ಣಗಿದೆ. ಹೊಸಹಳ್ಳಿ ಮೆಟ್ರೊ ಬಳಿ ಆಟೊ ಗುದ್ದಿದ ಗುರುತೇ ಇಲ್ಲ.

ಬಣ್ಣ ಹೊಡೆಯುವ ಪಕ್ಕದ ಮಳಿಗೆಯ ಬೈರಪ್ಪ ಬಂದು ಕಾರಿಗೆ ಒಂದು ಸುತ್ತು ಹಾಕುತ್ತಾರೆ. ಗೋಡೆ ಬದಿಗೆ ಬಗ್ಗಿದವರು ಅಲ್ಲೇ ನಿಲ್ಲುತ್ತಾರೆ.

"ಏನ್ ಗುರು, ಈ ಕಡೆ ಬಾಗಿಲಲ್ಲಿ ಓರೆಯಾಗಿ ಗೆರೆ ಐತೆ. ಆ ಕಡೆದು ಎಲ್ಲೋಯ್ತು?"

"ಯಾವ ಗೆರೆ?"

"ಕಂಪನಿ ಗೆರೆ ಕಣಯ್ಯ! ಡೆಂಟು ಅಂತ ಬಡಿದು ಹಾಕಿದೀಯ."

ಕೊಟ್ರಪ್ಪ ಗೋಡೆ ಬದಿಗೆ ಹೋಗಿ ಬಗ್ಗಿ ನೋಡುತ್ತಾರೆ. ಸುತ್ತಿಗೆ ಸದ್ದಿಗೆ ಅವರ ಎಡಗಿವಿ ಮಂದವಾಗಿ ವರ್ಷಗಳಾಗಿವೆ. ಆದರೆ ಈ ಮಾತು ಸರಿಯಾಗಿಯೇ ಕೇಳಿಸಿದೆ.

ಕೊಟ್ಟೂರು ಕಡೆಯ ಅವರು ರಾಜಾಜಿನಗರದ ಗ್ಯಾರೇಜೊಂದರಲ್ಲಿ ಕೆಲಸ ಕಲಿತಾಗ ಹಿಡಿದ ನಿಯಮ ಇದು: ಉದ್ದಕ್ಕೆ ಹೋಗುವ ಗೆರೆ ಕಂಪನಿಯದು, ಓರೆಯಾಗಿ ಇಳಿಯುವುದು ಪೆಟ್ಟಿನದು. ಇಷ್ಟು ಕಾಲ ಅದು ಕೈಬಿಟ್ಟಿರಲಿಲ್ಲ. ಈಗ ಕಂಪನಿಯೇ ಓರೆಗೆರೆ ಎಳೆದು ಕಳಿಸಿದೆ.

"ಈ ಕಾರು ಮಾಡೋ ಕೊರಿಯಾದೋರೇ ನಂಗೆ ಅರ್ಥ ಆಗಲ್ಲ" ಎನ್ನುತ್ತಾರೆ. "ಸ್ಯಾಂಟ್ರೊ ಬಂದಾಗ ಟೋಪಿ ಹಾಕ್ಕೊಂಡಂಗಿತ್ತು, ನಕ್ಕಿದ್ವಿ. ಆಮೇಲೆ ಅದೇ ಮುದ್ದು ಅನ್ನಿಸ್ತು. ವರ್ನಾ ಒಂದು ಬಂತು, ಮೈಮೇಲೆ ನೀರು ಹರಿದಂಗೆ ಗೆರೆ. ಸುತ್ತಿಗೆ ಎತ್ತೋಕೇ ಮನಸ್ಸು ಬರ್ತಿರ್ಲಿಲ್ಲ. ಆಮೇಲೆ ಮುಂದಿನ ದೀಪ ಕಿತ್ತು ಬಂಪರಿಗೆ ಇಳಿಸಿದ್ರು, ಹುಬ್ಬಿನಂಗಿರೋ ಸಣ್ಣ ದೀಪ ಮಾತ್ರ ಮೇಲೆ ಬಿಟ್ರು. ಅಷ್ಟು ಚೆಂದ ಮಾಡಿದೋರು ಮುಂದಿನ ಸಲ ಹಿಂಗ್ಯಾಕೆ ಮಾಡ್ತಾರೆ?"

ಕಾರಿನ ಒಡತಿ, ಬಸವೇಶ್ವರನಗರದ ಶಾಲಾ ಶಿಕ್ಷಕಿ ಸೌಮ್ಯಶ್ರೀ ಬಂದಾಗ ಕೊಟ್ರಪ್ಪ ನಡೆದದ್ದನ್ನು ಮುಚ್ಚಿಡುವುದಿಲ್ಲ. ಆಕೆ ಎರಡೂ ಬದಿ ನೋಡುತ್ತಾರೆ.

"ಅಯ್ಯೋ, ಇಲ್ಲಿ ಗೆರೆ ಇತ್ತಾ? ನಿಜ ಹೇಳ್ಲಾ ಅಣ್ಣ, ಈಗಲೇ ಚೆನ್ನಾಗಿದೆ. ಬಿಟ್ಬಿಡಿ."

"ಹಂಗಾದ್ರೆ ಆ ಕಡೆದೂ ತೆಗೆಸ್ಬಿಡಿ ಮೇಡಂ" ಎಂದು ಬೈರಪ್ಪ ನಗುತ್ತಾರೆ. "ಕೊರಿಯಾದೋರಿಗೆ ಸುಂಕದಕಟ್ಟೆಯಿಂದಲೇ ಪಾಠ ಆಗ್ಲಿ."

ಕೊಟ್ರಪ್ಪ ನಗುವುದಿಲ್ಲ. ಗೆರೆಯಿಲ್ಲದ ಬಾಗಿಲೇ ಅವರ ಕಣ್ಣಿಗೂ ಚೆಂದ, ಕಷ್ಟ ಇರುವುದೂ ಅಲ್ಲೇ. ಹೀಗೆ ಬಿಟ್ಟರೆ, ನಾಳೆ ಇನ್ನೊಂದು ಕಾರಿನ ಮೇಲೆ ಕೈಯಿಟ್ಟಾಗ ಯಾವುದು ಪೆಟ್ಟು, ಯಾವುದು ಯಾರದೋ ಆಲೋಚನೆ ಎಂದು ಈ ಕೈಗೆ ಹೇಗೆ ತಿಳಿಯಬೇಕು? ಮತ್ತೆ ಗೆರೆ ಎತ್ತುವುದೂ ಸುಲಭವಲ್ಲ. ಒಮ್ಮೆ ಬಡಿದ ತಗಡು ತೆಳುವಾಗಿದೆ, ಒಂದು ಏಟು ಹೆಚ್ಚಾದರೆ ಸೀಳಬಹುದು.

"ಸಾಯಂಕಾಲದವರೆಗೂ ಟೈಮ್ ಕೊಡಿ ಮೇಡಂ. ಸೀಳಿದ್ರೆ ಹೊಸ ಬಾಗಿಲು ನಾನೇ ಹಾಕಿಸ್ಕೊಡ್ತೀನಿ."

"ನಿಮಗ್ಯಾಕೆ ಇಷ್ಟು ತೊಂದರೆ?"

ಕೊಟ್ರಪ್ಪ ಆಗಲೇ ಉಳಿ ಹುಡುಕುತ್ತಿದ್ದಾರೆ. ಸಂಜೆ ಬರುತ್ತೇನೆಂದು ಆಕೆ ಆಟೊ ಹಿಡಿಯುತ್ತಾರೆ.

ಕೊಟ್ರಪ್ಪ ಗೋಡೆ ಬದಿಯ ಬಾಗಿಲಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಒತ್ತಿ, ಬೆರಳಿಗೆ ಮಸಿ ಹಚ್ಚಿ ಗೆರೆಯ ಅಚ್ಚು ತೆಗೆಯುತ್ತಾರೆ. ಹಾಳೆ ಮಗುಚಿ, ತಾವು ಬಡಿದ ಬಾಗಿಲಿಗೆ ಅಂಟಿಸುತ್ತಾರೆ. ಹೊರಗೆ ಮರದ ತುಂಡು, ಒಳಗಿನಿಂದ ಮೊಂಡು ಉಳಿ. ಮನೆ ಬಾಗಿಲು ತಟ್ಟಿದಷ್ಟೇ ಮೆಲ್ಲಗೆ ಸುತ್ತಿಗೆ. ನಡುವೆ ಒಮ್ಮೆ ತಗಡು ಟಿಕ್ ಎನ್ನುತ್ತದೆ. ಸುತ್ತಿಗೆ ಇಟ್ಟು ಬೆರಳಾಡಿಸುತ್ತಾರೆ. ಸೀಳಿಲ್ಲ. ಬೈರಪ್ಪನೂ ರೇಡಿಯೊ ಆರಿಸಿ ಕಾಯುತ್ತಾರೆ.

ಸಂಜೆ ಸೌಮ್ಯಶ್ರೀ, ಇನ್ನೂ ಬಣ್ಣ ಬೀಳದ ಆ ಬೂದು ಬಾಗಿಲಿನ ಗೆರೆಯುದ್ದಕ್ಕೂ ಬೆರಳು ಎಳೆಯುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಆ ಬದಿಯದನ್ನೂ ಮುಟ್ಟುತ್ತಾರೆ.

"ಈಗ ಹೇಳಿ ಅಣ್ಣ, ಈ ಗೆರೆ ಚೆನ್ನಾಗಿದೆಯಾ?"

"ಅದು ನಂಗೆ ಇನ್ನೂ ಗೊತ್ತಾಗಿಲ್ಲ ಮೇಡಂ" ಎನ್ನುತ್ತಾರೆ ಕೊಟ್ರಪ್ಪ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ. "ಎರಡು ಕಡೆನೂ ಒಂದೇ ತರ ಐತೆ. ಅಷ್ಟು ಮಾತ್ರ ಹೇಳಬಲ್ಲೆ."