ಕೆಂಪಂಗಿಯವನನ್ನು ಗವಿಯಲ್ಲಿ ಬಿಟ್ಟುಬಂದ ಬೇಸಿಗೆ

ನಮ್ಮ ಕಾಲದ ಕಲಬುರಗಿಯ ಬೇಸಿಗೆಗೆ ತನ್ನದೇ ಒಂದು ವಾಸನೆ ಇತ್ತು. ಕೂಲರಿಗೆ ಆಗತಾನೇ ನೀರು ಸುರಿದಾಗ ಅದರ ಹುಲ್ಲಿನಿಂದ ಏಳುವ ಹಸಿ ವಾಸನೆ. ಆ ಊರಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ನೆನಪಾಗುತ್ತದೆ: ಬೆಳಿಗ್ಗೆಯೇ ಕಾದು ನಿಲ್ಲುವ ಕಲ್ಲಿನ ಮೆಟ್ಟಿಲು, ಸಂಜೆಯ ಚುರುಮುರಿ ಸೂಸಲಾ ಮತ್ತು ಮಿರ್ಚಿ ಭಜಿ, ಹೇಳದೆ ಕೇಳದೆ ಹೋಗುವ ಕರೆಂಟು. ಇಂಟರ್ನೆಟ್ ಇನ್ನೂ ಮನೆಗಳಿಗೆ ಬಂದಿರಲಿಲ್ಲ. ಜೋಳ ಬೀಸಿಸಲು ಗಿರಣಿಗೆ ಹೋದ ಹಾಗೆ ಅದಕ್ಕೂ ಅಂಗಡಿಗೇ ಹೋಗಬೇಕಿತ್ತು.

ನಾನು ಏಳನೇ ತರಗತಿ ಮುಗಿಸಿದ್ದೆ. ನಮ್ಮ ಮನೆ ಜೇವರ್ಗಿ ಕಾಲೋನಿಯಲ್ಲಿ, ನೀರಿನ ಟಾಕಿಯ ಹಿಂದೆ. ಎರಡು ಓಣಿ ಆಚೆ ನನ್ನ ಗೆಳತಿ ನಸ್ರೀನಳ ಮನೆ. ಅದರ ಮುಂದಿನ ಕೋಣೆಯಲ್ಲಿ ಅವಳ ತಾಯಿ ಸೈಬರ್ ಕೆಫೆ ನಡೆಸುತ್ತಿದ್ದರು. ಹೆಸರು ರಜಿಯಾ, ಇಡೀ ಓಣಿಗೆ ಆಪಾ, ಅಂದರೆ ಅಕ್ಕ. ಹೆಣ್ಣುಮಕ್ಕಳನ್ನು ಧೈರ್ಯವಾಗಿ ಕಳಿಸಬಹುದಾದ ಸೈಬರ್ ಅದೊಂದೇ ಎಂದು ನಮ್ಮ ಆಯಿ, ಅಂದರೆ ನನ್ನ ತಾಯಿ, ತೀರ್ಮಾನಿಸಿದ್ದಳು. ನಾನು ಅಲ್ಲಿ ಟೈಪಿಂಗ್ ಕಲಿಯುತ್ತಿದ್ದೇನೆ ಎಂದೂ ನಂಬಿದ್ದಳು. ಕಲಿಯುತ್ತಿದ್ದೆ ಕೂಡ, ಆದರೆ ಆಟದೊಳಗೆ.

ಆ ಆಟದ ಹೆಸರು ಈಗ ಹೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ದೇಶದೇಶಗಳ ಜನ ಒಂದೇ ಹೊತ್ತಿಗೆ ಆಡುತ್ತಿದ್ದರು. ಪರದೆಯ ಮೇಲೆ ಬೆರಳುದ್ದದ ಆಳುಗಳು, ಒಬ್ಬೊಬ್ಬರ ಕೈಯಲ್ಲಿ ಒಂದು ಕಂದೀಲು. ಊರ ಹೊರಗೆ ಒಂದು ಗವಿ. ಅದರೊಳಗೆ ಹೊಕ್ಕರೆ ದಾರಿ ಸಿಗುವುದು ಕಷ್ಟ. ನೀವು ಆಡಿದರೂ ಸರಿ, ಕಂಪ್ಯೂಟರ್ ಆರಿಸಿ ಮನೆಗೆ ಹೋದರೂ ಸರಿ, ಗವಿಯಲ್ಲಿರುವಷ್ಟು ದಿನ ಕಂದೀಲಿನ ಎಣ್ಣೆ ಉರಿಯುತ್ತಲೇ ಇರುತ್ತಿತ್ತು. ಎಣ್ಣೆ ತೀರಿದರೆ ಆಳು ಸತ್ತ. ಅವನು ತಿಂಗಳುಗಟ್ಟಲೆ ಕೂಡಿಸಿದ್ದೆಲ್ಲ ಮಣ್ಣುಪಾಲು. ಜೊತೆಗಿರುವವರು ತಮ್ಮ ಎಣ್ಣೆಯನ್ನು ಸುರಿದರೆ ಮಾತ್ರ ಉಳಿಗಾಲ.

ಮೊದಮೊದಲು ನಾವಿಬ್ಬರೂ ಅಲ್ಲಿ ದಾರಿ ತಪ್ಪಿ ಒದ್ದಾಡುವಾಗ ಯಾರೋ ಒಬ್ಬರು ಬಂದು, ಒಂದು ಮಾತೂ ಆಡದೆ ಎಣ್ಣೆ ಹಾಕಿ, ಮುಂದೆ ಮುಂದೆ ನಡೆದು ಹೊರಗೆ ಬಿಟ್ಟುಹೋಗಿದ್ದರು. ಅಂದಿನಿಂದ ನಮಗೂ ಅದೇ ಹುಚ್ಚು ಹತ್ತಿತು. ಒಂದು ಕುರ್ಚಿಯ ಮೇಲೆ ಇಬ್ಬರೂ ಕೂತು, ಲಂಗ ತೊಟ್ಟ ಒಂದೇ ಆಳನ್ನು ನಡೆಸುತ್ತಾ, ಗವಿಯಲ್ಲಿ ಸಿಕ್ಕಿಕೊಂಡ ಗುರುತಿಲ್ಲದವರನ್ನು ಹುಡುಕಿ ಹುಡುಕಿ ಹೊರಗೆ ತರುವುದೇ ನಮ್ಮ ಆಟವಾಯಿತು. ನಾನೋ ಹುಟ್ಟಾ ಪುಕ್ಕಲಿ. ಪರದೆಯೊಳಗಿನ ಕತ್ತಲೆಗೂ ಎದೆ ಡವಡವ ಅನ್ನುತ್ತಿತ್ತು. ಆದರೆ ನನಗಿಂತ ಹೆಚ್ಚು ಹೆದರಿದವರು ಜೊತೆಗಿದ್ದಾಗ ನನ್ನ ಹೆದರಿಕೆ ಸ್ವಲ್ಪ ಕಡಿಮೆಯಾಗುತ್ತಿತ್ತು.

ಹಾಗೆ ಸಿಕ್ಕವನು ಕೆಂಪಂಗಿ. ಕೆಂಪು ಅಂಗಿ ತೊಟ್ಟ ಆಳು, ಮೈಮೇಲೆ ಒಳ್ಳೊಳ್ಳೆಯ ಸಾಮಾನು, ಆದರೆ ನಡಿಗೆ ಮಾತ್ರ ಕುಡಿದವನದು. ಎಡಕ್ಕೆ ಅಂದರೆ ಬಲಕ್ಕೆ, ನಿಲ್ಲು ಅಂದರೆ ಗೋಡೆಗೆ ಢೀ. ಬರೆಯುವುದೆಲ್ಲ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ತಂತಿ ಕಳಿಸಿದ ಹಾಗೆ ಒಂದೊಂದೇ ಪದ.

"ಇಂವ ಹೊಸಬ ಅಲ್ಲ, ಸಾಮಾನು ನೋಡು. ಯಾರದೋ ಆಳು ಕದ್ದಾನ" ಎಂದಳು ನಸ್ರೀನ್.

ನನಗೆ ಆಗಲೇ ಹೆದರಿಕೆಯಾಯಿತು. ಆದರೂ ಬಿಡಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಅವನನ್ನು ನಡೆಸಿಕೊಂಡು ಬಂದೆವು. ಗವಿಯ ನಡುವೆ ಒಂದು ವಿಶಾಲವಾದ ಜಾಗವಿತ್ತು. ಅಲ್ಲಿಂದ ಬಲಕ್ಕೆ ತಿರುಗಬೇಕು ಎಂದು ಎಷ್ಟು ಸಲ ಇಂಗ್ಲಿಷಿನಲ್ಲಿ ಬರೆದರೂ ಆಸಾಮಿ ಗೋಡೆಗೇ ಮುಖ ಕೊಟ್ಟು ನಿಲ್ಲುತ್ತಿದ್ದ. ನಸ್ರೀನಳಿಗೆ ರೇಗಿತು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬಡಿದಳು: "ಅಪ್ಪನ ಗುಡಿ ಬಯಲಿನಂಗ ಇಲ್ಲೇನು ಜಾಗಾ? ಅಲ್ಲಿಂದ ಬಲಕ್ಕ ಹೊಳ್ಳೋ ಮಾರಾಯಾ!" ಶರಣಬಸವೇಶ್ವರ ದೇವಸ್ಥಾನಕ್ಕೆ ನಮ್ಮೂರಲ್ಲಿ ಎಲ್ಲರೂ ಅಪ್ಪನ ಗುಡಿ ಎಂದೇ ಅನ್ನುವುದು.

ಕೆಂಪಂಗಿ ಬಲಕ್ಕೆ ಹೊರಳಿದ! ನಾವು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಅವನು ನಿಂತ. ಒಂದೊಂದೇ ದೊಡ್ಡ ಅಕ್ಷರ ಮೂಡಿತು.

"ಯಾರ ಮಗಳು?"

ನಮ್ಮ ಕಡೆಯ ಮಕ್ಕಳಿಗೆ ಈ ಪ್ರಶ್ನೆಯನ್ನು ವಿವರಿಸಬೇಕಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಿ, ಅಜ್ಜಿಯೊಬ್ಬಳ ಗಂಟು ಇಳಿಸಿಕೊಡಿ, ಮರುಗಳಿಗೆಗೆ ಬರುವ ಮಾತು ಅದು: ಯಾರ ಮಗಳವ್ವಾ, ಯಾವೂರು, ಯಾರ ಪೈಕಿ? ಕೇಳಿದರೆ ತಂದೆಯ ಹೆಸರು, ಓಣಿ, ತಾಯಿಯ ತವರು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕು. ಹೇಳದೆ ನಿಂತರೆ ಮನೆಗೆ ಬಂದಮೇಲೆ ಬೈಗುಳ. ಮಗ್ಗಿ ಬರುವ ಮೊದಲು ನಮಗೆ ಇದು ಬರುತ್ತಿತ್ತು. ನನ್ನ ಬೆರಳು ನನ್ನನ್ನು ಕೇಳಲೇ ಇಲ್ಲ. ಪಲ್ಲವಿ ಎಂಬ ಹೆಸರು, ಅಪ್ಪನ ಹೆಸರು, ಜೇವರ್ಗಿ ಕಾಲೋನಿ, ನೀರಿನ ಟಾಕಿ ಹಿಂದೆ, ತಾಯಿಯ ತವರು ಕಮಲಾಪುರ, ಎಲ್ಲ ಬರೆದು ಕಳಿಸಿತು.

ಉತ್ತರ ಬಂತು: "ಗೊತ್ತಾತು. ಮನಿ ಗೊತ್ತದ. ಬರ್ತೀನಿ."

ಅದೇ ಕ್ಷಣಕ್ಕೆ ಕರೆಂಟು ಹೋಯಿತು.

ಕತ್ತಲಾದ ಪರದೆಯಲ್ಲಿ ನಮ್ಮಿಬ್ಬರ ಮುಖ ಮಾತ್ರ ಕಂಡಿತು. "ಹುಚ್ಚೀ, ಮನಿ ಪತ್ತಾ ಕೊಟ್ಟೇನು?" ಎಂದಳು ನಸ್ರೀನ್. ಆಗೆಲ್ಲ ಕಂಪ್ಯೂಟರಿನಲ್ಲಿ ಗೆಳೆತನ ಮಾಡಿ ಮಕ್ಕಳನ್ನು ಎತ್ತಿಕೊಂಡು ಹೋಗುವವರ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಅಪ್ಪ ಊಟಕ್ಕೆ ಕೂತಾಗ ಅದನ್ನೇ ದೊಡ್ಡದಾಗಿ ಹಚ್ಚುತ್ತಿದ್ದ.

ಆಮೇಲಿನ ದಿನಗಳಲ್ಲಿ ಗೇಟಿನ ಚಿಲಕ ಸದ್ದಾದರೆ ಸಾಕು, ನಾನು ಒಳಗೆ ಓಡುತ್ತಿದ್ದೆ. ಗ್ಯಾಸಿನವನು ಬಂದ, ಓಡಿದೆ. ಮೀಟರ್ ನೋಡುವವನು ಬಂದ, ಓಡಿದೆ. ಎದುರಿನ ಕ್ಲಿನಿಕ್ಕಿನ ಮುಂದೆ ಒಬ್ಬ ಕೆಂಪು ಅಂಗಿಯವನು ಲೂನಾ ನಿಲ್ಲಿಸಿಕೊಂಡು ಕೂತಿದ್ದ. ಅವನು ಹೆಂಡತಿಯನ್ನು ಕರೆದುಕೊಂಡು ಹೋಗುವ ತನಕ ನಾನು ಕಿಟಕಿಯ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ದೆ.

"ಯಾಕ ಊಟಾ ಬಿಟ್ಟೀಯಲ್ಲಾ, ಕಂಪ್ಯೂಟರ್ ಕ್ಲಾಸಿಗೂ ಹೋಗವಲ್ಲಿ. ಬಿಸಲು ಬಡದದೇನು?" ಎಂದು ಆಯಿ ಹಣೆ ಮುಟ್ಟಿ ನೋಡಿದಳು, ಮಜ್ಜಿಗೆ ಕುಡಿಸಿದಳು.

ಹೇಳಿಬಿಡಬೇಕು ಅನಿಸುತ್ತಿತ್ತು. ಹೇಳಿದರೆ ಸೈಬರೂ ಇಲ್ಲ, ನಸ್ರೀನಳೂ ಇಲ್ಲ. ಇದೆಲ್ಲದರ ಕೆಳಗೆ ಇನ್ನೊಂದು ಹೆದರಿಕೆ ಕೂತಿತ್ತು. ಕಳ್ಳನಾಗಲಿ ಸುಳ್ಳನಾಗಲಿ, ಅವನನ್ನು ಗವಿಯ ನಟ್ಟನಡುವೆ ನಿಲ್ಲಿಸಿ ಬಂದಿದ್ದೆ. ನಸ್ರೀನಳೂ ಹೆದರಿ ಆಟ ತೆರೆದಿರಲಿಲ್ಲ. ಅವನ ಎಣ್ಣೆ ಉರಿಯುತ್ತಲೇ ಇತ್ತು.

ಒಂದು ಮಧ್ಯಾಹ್ನ ಚಿಲಕ ಸದ್ದಾಯಿತು. ಹೊರಗಿನಿಂದ ಒಂದು ಗಂಡುದನಿ, ನನ್ನ ಹೆಸರನ್ನೇ ಹಿಡಿದು ಕೇಳಿತು: "ಪಲ್ಲವಿ ಅಂಬಾಕಿ ಮನಿ ಇದೇ ಏನ್ರೀ?"

ನಾನು ಬಚ್ಚಲಮನೆಗೆ ನುಗ್ಗಿ ಅಗುಳಿ ಹಾಕಿಕೊಂಡೆ. ಹಂಡೆಯ ಪಕ್ಕ ಮುದುಡಿ ಕೂತು ಕಿವಿ ಮುಚ್ಚಿಕೊಂಡೆ. ಆಯಿ ಹೊರಗೆ ಒಬ್ಬಳೇ ಇದ್ದಾಳೆ ಎಂದು ಹೊಳೆದಾಗ ಕಿವಿ ಬಿಟ್ಟೆ. ಆಯಿ ಕಿರುಚಲಿಲ್ಲ.

"ಅಯ್ಯ, ಮಾಸ್ತರ ಕಾಕಾ! ಇಂಥಾ ಬಿಸಲಾಗ ಬಂದೀರಲ್ಲಾ, ಒಳಗ ಬರ್ರಿ, ನೀರು ತಗೋರಿ" ಎಂದಳು.

ಕಮಲಾಪುರದ ನಿವೃತ್ತ ಪೋಸ್ಟ್ ಮಾಸ್ತರರು. ಆಯಿಯ ತವರುಮನೆಗೆ ವರ್ಷಗಟ್ಟಲೆ ಟಪಾಲು ಕೊಡಿಸಿದವರು, ಅವಳ ಮದುವೆಯಲ್ಲಿ ಬಡಿಸಲು ನಿಂತವರು. ನಾನು ಬಾಗಿಲು ಸ್ವಲ್ಪ ಸರಿಸಿ ನೋಡಿದೆ. ಬಿಳಿ ಧೋತರ, ಕರಿ ಟೊಪ್ಪಿಗೆ, ಮೊಣಕಾಲ ಮೇಲೆ ಒಂದು ಚೀಲ. ಚೀಲದ ಬಾಯಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಇಣುಕುತ್ತಿತ್ತು. ಆ ಹಣ್ಣಿನ ವಾಸನೆ ನಡುಮನೆಯ ತುಂಬ ಹರಡಿತ್ತು.

"ಸೋಲಾಪುರದ ರೈಲಿಗೆ ಹೊಂಟೀನಿ ತಂಗೀ. ಅದಕಿಂತ ಮೊದಲ ನಿನ್ನ ಮಗಳ ಹತ್ರ ಒಂದು ಮಾತು ಕೇಳೂದದ" ಎಂದರು ಅವರು. "ನನ್ನ ಗವಿಯಾಗ ನಿಲ್ಲಿಸಿ ಹೋಗ್ಯಾಳ. ಹೆಂಗ ಹೊರಗ ಬರಬೇಕು, ತಿಳೀವಲ್ದು."

ಆಯಿ ಬಿಸಿಲು ಯಾರಿಗೆ ಬಡಿದಿದೆ ಎಂಬಂತೆ ಅವರನ್ನೇ ನೋಡಿದಳು.

ನಾನು ಹೊರಗೆ ಬಂದೆ. ಅವರು ಬೈಯಲಿಲ್ಲ, ತಂತಿಯ ಭಾಷೆಯಲ್ಲೇ ಎಲ್ಲ ಹೇಳಿದರು. ಅವರ ಮಗನದು ಕಮಲಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಫೋನಿನ ಅಂಗಡಿ, ಅಲ್ಲೊಂದು ಕಂಪ್ಯೂಟರ್. ಮೊಮ್ಮಗ ಆನಂದನಿಗೆ ಹೃದಯದಲ್ಲಿ ತೂತು. ಮಗ ಸೊಸೆ ಅವನನ್ನು ಸೋಲಾಪುರದ ಆಸ್ಪತ್ರೆಗೆ ಸೇರಿಸಿದ್ದರು. ಕೆಂಪಂಗಿ ಆ ಹುಡುಗನ ಆಳು.

"ಹೋಗೂ ಮುಂದ ಕೈ ಹಿಡದು ಹೇಳ್ಯಾನ, ಅಜ್ಜಾ ನಾ ಬರೂ ತನಕ ಅವನ್ನ ಸಾಯಗೊಡಬ್ಯಾಡ ಅಂತ. ಸುಮ್ನ ನೋಡಿ ಬರೂಣಂತ ಒಂದು ಗುಂಡಿ ಒತ್ತಿದೆ. ಗವಿಯಾಗ ಹೊಕ್ಕುಬಿಟ್ಟ. ನಾಳೆ ಆಪರೇಷನ್ ಅದ. ಹುಡುಗ ಕೇಳಿದ್ರ ಏನಂತ ಹೇಳ್ಲಿ ತಾಯೀ?"

ಅವರ ಹೆದರಿಕೆಯ ಮುಂದೆ ನನ್ನದು ಏನೂ ಅಲ್ಲ ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ದಿನಕ್ಕೆ ಎಣ್ಣೆ ತೀರಿರಬೇಕು ಎಂಬ ಲೆಕ್ಕ ನನಗೆ ಗೊತ್ತಿತ್ತು. ಅವರ ಕೈ ಹಿಡಿದುಕೊಂಡು ಆಪಾನ ಮನೆಗೆ ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಹಿಂದಿನಿಂದ ಆಯಿಯೂ ಬಂದಳು.

ಅಲ್ಲಿ ಕರೆಂಟಿಲ್ಲ. ಆಪಾ ಬಾಗಿಲಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ವಿಷಯ ಕೇಳಿ ಎದ್ದು ನಿಂತರು. "ಡರೋ ನಕ್ಕೋ ಮಾಸ್ತರ್ ಸಾಬ್, ಹೆದರಬ್ಯಾಡ್ರಿ, ಕರೆಂಟ್ ಬರ್ತದ. ಕೂಡ್ರಿ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಮಾಸ್ತರರು ಗೋಡೆಯ ಗಡಿಯಾರ ನೋಡುವರು, ಬಾಗಿಲು ನೋಡುವರು. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ನಸ್ರೀನ್ ನನ್ನ ಕಿವಿಯಲ್ಲಿ "ಸತ್ತಿದ್ರ?" ಎಂದಳು. ನಾನು ಅವಳ ಕೈ ಚಿವುಟಿದೆ.

ಫ್ಯಾನು ತಿರುಗಿತು. ಕಂಪ್ಯೂಟರ್ ಏಳುವುದಕ್ಕೆ, ಫೋನಿನ ತಂತಿ ಕಿರಗುಟ್ಟಿ ಇಂಟರ್ನೆಟ್ ಹತ್ತುವುದಕ್ಕೆ ಒಂದು ಯುಗ ಹಿಡಿಯಿತು. ಪರದೆ ಕಪ್ಪಾಗಿ ಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಬೆಳಕದ" ಎಂದಳು ನಸ್ರೀನ್.

ಕೆಂಪಂಗಿ ಅದೇ ಜಾಗದಲ್ಲಿ ನಿಂತಿದ್ದ. ಪಕ್ಕದಲ್ಲಿ ಇನ್ನೊಬ್ಬ. ನಾವು ಎಂದೂ ನೋಡಿರದ ಆಳು, ನೆಲದ ಮೇಲೆ ಅವನು ಇಟ್ಟ ಖಾಲಿ ಎಣ್ಣೆಡಬ್ಬಿಗಳು. ನಾವಿಲ್ಲದ ದಿನಗಳಲ್ಲಿ ಕೆಂಪಂಗಿಯ ಕಂದೀಲಿಗೂ ನಮ್ಮದಕ್ಕೂ ಎಣ್ಣೆ ಹಾಕುತ್ತಾ ಕಾದಿದ್ದ. ನಾನು ಧನ್ಯವಾದ ಬರೆದೆ. ಅವನು ನಮಗೆ ಓದಲು ಬಾರದ ಯಾವುದೋ ಲಿಪಿಯಲ್ಲಿ ಒಂದು ಸಾಲು ಬರೆದು, ಕಂದೀಲು ಎತ್ತಿ ಹೊರಟುಹೋದ. ಯಾರ ಮಗನೋ, ಯಾವೂರೋ, ಕೇಳಲು ಆಗಲಿಲ್ಲ.

ಒಂದು ಕಂಪ್ಯೂಟರಿನಲ್ಲಿ ನಾವು, ಪಕ್ಕದ್ದರಲ್ಲಿ ಮೊಮ್ಮಗನ ಪಾಸ್‌ವರ್ಡಿನ ಚೀಟಿ ಹಿಡಿದ ಮಾಸ್ತರರು. ಗುಂಡಿಗಳನ್ನು ನಾವೇ ಒತ್ತುತ್ತೇವೆ ಎಂದರೆ ಒಪ್ಪಲಿಲ್ಲ. "ಮಾತು ಕೊಟ್ಟಾಂವ ನಾನು" ಎಂದರು. ಬಲಕ್ಕ ಕಾಕಾ, ಇನ್ನೊಂಚೂರು, ನಿಲ್ರಿ ನಿಲ್ರಿ ಎಂದು ನಾವು ಕೂಗುವುದು, ಅವರು ಢೀ ಹೊಡೆಯುವುದು, ಆಯಿ ಸೆರಗು ಬಾಯಿಗೆ ಒತ್ತಿ ನೋಡುವುದು. ಕೊನೆಗೆ ಪರದೆ ತುಂಬ ಹಳದಿ ಬೆಳಕಾಯಿತು.

"ಬಿಸಲಿಗೆ ಬಂದ" ಎಂದರು ಮಾಸ್ತರರು. ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. ಆಪಾ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು.

ಅವರು ಹೋದಮೇಲೆ ಗವಿಯ ಬಾಯಿಯ ಹೊರಗೆ ಕೆಂಪಂಗಿ ನಿಂತೇ ಇದ್ದ. ದಿನಾ ಹೋಗಿ ನೋಡುತ್ತಿದ್ದೆವು. ಅಲುಗುತ್ತಿರಲಿಲ್ಲ. ಮಾಸ್ತರರ ಮಗನ ಅಂಗಡಿ ಮುಚ್ಚಿದೆ ಎಂದಷ್ಟೇ ಕಮಲಾಪುರದ ಅಜ್ಜಿಯ ಮನೆಯಿಂದ ತಿಳಿಯಿತು. ಮಳೆ ಬಂತು, ಶಾಲೆ ಶುರುವಾಯಿತು. ಸಂಜೆ ಯೂನಿಫಾರ್ಮಿನಲ್ಲೇ ಆಪಾನ ಮನೆಗೆ ಓಡುತ್ತಿದ್ದೆವು. ಕೆಂಪಂಗಿ ನಿಂತಲ್ಲೇ ನಿಂತಿರುತ್ತಿದ್ದ. ನಾವು ಆನಂದನ ಬಗ್ಗೆ ಮಾತಾಡುವುದನ್ನೇ ಬಿಟ್ಟೆವು.

ಒಂದು ಸಂಜೆ ಅವನು ಅಲ್ಲಿರಲಿಲ್ಲ. ನಾನು ಅಳುವುದಕ್ಕೆ ಬಾಯಿ ತೆರೆದಿದ್ದೆ. ಆಗ ಪರದೆಯ ಎಡತುದಿಯಿಂದ ಒಂದು ಕೆಂಪು ಚುಕ್ಕೆ ಓಡಿ ಬಂತು. ಒಂದು ಗೋಡೆಗೂ ತಾಗದೆ, ಒಂದು ತಿರುವೂ ತಪ್ಪದೆ ಬಂದು, ನಮ್ಮ ಆಳಿನ ಸುತ್ತ ಗಿರಗಿರ ಸುತ್ತಿತು. ಸಣ್ಣ ಅಕ್ಷರಗಳಲ್ಲಿ ಪಟಪಟ ಬರೆಯಿತು: "ಅಕ್ಕಾ, ಅಜ್ಜ ಬಾಳಿಹಣ್ಣು ಕೊಟ್ನಿಲ್ಲೋ?"

ನಸ್ರೀನ್ "ಅಮ್ಮೀ!" ಎಂದು ಕಿರುಚಿದ್ದಕ್ಕೆ ಕೆಫೆಯಲ್ಲಿದ್ದವರೆಲ್ಲ ಎದ್ದು ನಿಂತರು.

ಆ ಆಟ ಯಾವಾಗಲೋ ಮುಚ್ಚಿಹೋಯಿತು. ಆಪಾನ ಸೈಬರ್ ಕೋಣೆಯಲ್ಲಿ ಈಗ ಬಾಡಿಗೆದಾರರಿದ್ದಾರೆ. ಇಂಟರ್ನೆಟ್ಟಿಗಾಗಿ ಯಾರೂ ಓಣಿ ದಾಟಬೇಕಿಲ್ಲ, ನನ್ನ ಮಗಳು ನನ್ನ ಫೋನಿನಲ್ಲೇ ಆಡುತ್ತಾಳೆ. ಅವಳಿಗೂ ತಾಯಿಯ ಚಾಳಿ ಬಂದಿದೆ, ಸೋಲುತ್ತಿರುವವರನ್ನು ಕಂಡರೆ ನಿಲ್ಲುತ್ತಾಳೆ. ಹೆಸರು ಕೇಳಿದರೆ ಹೇಳಬೇಡ, ಊರು ಕೇಳಿದರೆ ಆಟ ಬಿಟ್ಟು ಬಾ ಎಂದು ನಾನೇ ಕಲಿಸಿದ್ದೇನೆ. ಕಲಿಸಲೇಬೇಕು. ಇವತ್ತಿನ ಹೆದರಿಕೆ ಗೇಟಿನ ಚಿಲಕ ಸದ್ದು ಮಾಡಿ ಬರುವುದಿಲ್ಲ.

ಮೊನ್ನೆ ಅವಳು ಯಾರನ್ನೋ ಒಂದು ಸೇತುವೆ ದಾಟಿಸುತ್ತಿದ್ದಳು. ಆ ಕಡೆಯವರು ತಡವರಿಸಿ ತಡವರಿಸಿ ಹೆಜ್ಜೆ ಇಡುತ್ತಿದ್ದರು. ನಡುವೆ ನಿಂತು ಏನೋ ಬರೆದರು. ಮಗಳು ಥಟ್ಟನೆ ಆಟ ಮುಚ್ಚಿ ಫೋನನ್ನು ನನ್ನ ಕೈಗಿಟ್ಟಳು.

"ಯಾವ ಊರು ಅಂತ ಕೇಳಿದ್ರು ಅಮ್ಮ, ಅದಕ್ಕೆ ಬಿಟ್ಟು ಬಂದೆ."

"ಚಲೋ ಮಾಡಿದಿ ಪುಟ್ಟಾ" ಎಂದೆ. ಅವಳು ಆಡಲು ಹೊರಗೆ ಓಡಿದಳು. ಫೋನು ನನ್ನ ಕೈಯಲ್ಲೇ ಇತ್ತು. ಆ ಸೇತುವೆಯ ನಡುವೆ ಯಾವ ಮಗುವಿಗೆ ಮಾತು ಕೊಟ್ಟ ಯಾರು ನಿಂತಿದ್ದಾರೋ, ನನಗೆ ತಿಳಿಯಲಿಲ್ಲ.