ಕಣದ ಉದ್ದಕ್ಕೆ x ಎಂದವಳು

ಸರಸು, ಅಂದು ನಿನ್ನ ಸಮೀಕರಣ ಸರಿಯಾಗಿತ್ತು. ಅದು ಗೊತ್ತಾದ ಮೇಲೂ ತಪ್ಪೆಂದು ಹೇಳಿದವಳು ನಾನು — ನಿನ್ನ ಹತ್ತನೇ ತರಗತಿಯ ಗಣಿತದ ಟೀಚರ್.

ಕಕ್ಕಬೆ ಕಡೆಯ ಆ ಶಾಲೆಯಲ್ಲಿ, ಪಠ್ಯಪುಸ್ತಕದ ಹೂದೋಟ, ಈಜುಕೊಳದ ಲೆಕ್ಕಗಳನ್ನು ಬಿಟ್ಟು ನಾನೇ ಒಂದು ಲೆಕ್ಕ ಕಟ್ಟಿದ್ದೆ. ಅದರ ಬಗ್ಗೆ ಜಂಬವೂ ಇತ್ತು. ಕಾಫಿ ಒಣಗಿಸುವ ಕಣದ ಉದ್ದ ಅಗಲಕ್ಕಿಂತ ಆರು ಮೀಟರ್ ಹೆಚ್ಚು, ವಿಸ್ತೀರ್ಣ 280 ಚದರ ಮೀಟರ್ — ಅಳತೆ ಎಷ್ಟು? ಅಗಲವನ್ನು x ಎಂದಿಟ್ಟು x(x + 6) = 280 ಎಂದು ನಾನು ಬರೆದಿಟ್ಟುಕೊಂಡಿದ್ದೆ. ನೀನು x(x − 6) = 280 ಎಂದು ಬರೆದಿದ್ದೆ. ಕಳೆಯುವ ಚಿಹ್ನೆ ಕಂಡದ್ದೇ ತಡ, ಮುಂದೆ ಓದದೆ ಕೆಂಪು ಗೀಟು ಎಳೆದೆ.

ನೀನು ಎದ್ದು ನಿಂತೆ. "ಟೀಚರ್, ನಾನು x ಇಟ್ಟದ್ದು ಉದ್ದಕ್ಕೆ. ಕಣದಲ್ಲಿ ಕಾಫಿ ಹರಡುವಾಗ ನಾವು ಮೊದಲು ಉದ್ದವನ್ನೇ ಹಿಡಿಯುವುದಲ್ವಾ?"

ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹುಡುಗಿ ನೀನು, ರಜೆಯಲ್ಲಿ ಅಮ್ಮನ ಜೊತೆ ಕಣಕ್ಕಿಳಿಯುತ್ತಿದ್ದವಳು. ನಾನೋ ಕಣವನ್ನು ರಸ್ತೆಯಿಂದ ನೋಡಿದವಳು. ಉದ್ದ ಇಪ್ಪತ್ತು, ಅಗಲ ಹದಿನಾಲ್ಕು — ಎರಡು ದಾರಿಯಲ್ಲೂ ಉತ್ತರ ಒಂದೇ. ಆ ಕ್ಷಣವೇ ನನಗದು ಹೊಳೆಯಿತು. ಆದರೆ ನಲವತ್ತು ಮಕ್ಕಳು ನೋಡುತ್ತಿದ್ದರು, ನಾನು...

"x ಅಂದರೆ ಅಗಲ. ಅತಿಬುದ್ಧಿ ಬೇಡ, ಕೂತ್ಕೋ" ಎಂದೆ.

ಮಕ್ಕಳು ನಕ್ಕರು. ನೀನು ಸರಿಯಾದದ್ದನ್ನು ಹೊಡೆದುಹಾಕಿ, ನಾನು ಬೋರ್ಡಿನಲ್ಲಿ ಬರೆದದ್ದನ್ನು ಬರೆದುಕೊಂಡೆ. ಆಮೇಲೆ ನನ್ನ ತರಗತಿಯಲ್ಲಿ ಒಂದು ದಿನವೂ ಪ್ರಶ್ನೆ ಕೇಳಲಿಲ್ಲ.

ಮೊನ್ನೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನನ್ನ ಚೀಲವನ್ನು ನೀನೇ ಎತ್ತಿಕೊಂಡೆ. ಪಕ್ಕದಲ್ಲಿದ್ದ ಮಗಳನ್ನು ತೋರಿಸಿ, "ಟೀಚರ್, ಇವಳೂ ನನ್ನ ಹಾಗೇ, ಲೆಕ್ಕ ತಲೆಗೆ ಹತ್ತುವುದಿಲ್ಲ" ಎಂದು ನಕ್ಕೆ. ಅಲ್ಲೇ ಹೇಳಿಬಿಡಬಹುದಿತ್ತು. ಬದಲಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನ ಮಾನ ಉಳಿಸಿಕೊಳ್ಳಲು ನಿನ್ನದನ್ನು ಕಳೆದೆ — ನಿನ್ನ ಧೈರ್ಯವನ್ನೂ. ಅದನ್ನು ನಾನು ಹಿಂದಿರುಗಿಸಲಾರೆ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮಗಳೂ ಇರಲಿ. ನಲವತ್ತು ಮಕ್ಕಳನ್ನು ಮತ್ತೆ ಸೇರಿಸಲು ನನ್ನಿಂದಾಗದು, ಆ ಒಬ್ಬಳ ಎದುರಿಗಾದರೂ ಹೇಳಬೇಕು — "ನಿನ್ನ ಅಮ್ಮನಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು" ಎಂದು.